ನಿಂಬೆಹಣ್ಣಿನ ಗೆರೆ

ಮೂವತ್ತು ವರ್ಷ ಬಳ್ಳಾರಿಯ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿದವನು ನಾನು. ನನ್ನ ಹತ್ತಿರ ಓದಿದವರನ್ನು ಹಿಡಿದು ಕೇಳಿದರೆ ಬೆಳಕಿನ ವಕ್ರೀಭವನ ನೆನಪಿದೆ ಎನ್ನುವವರು ಒಬ್ಬಿಬ್ಬರು ಸಿಗಬಹುದು, ನಿಂಬೆಹಣ್ಣು ನೆನಪಿದೆ ಎಂದು ಮಾತ್ರ ಎಲ್ಲರೂ ಹೇಳುತ್ತಾರೆ. ಪ್ರತಿ ವರ್ಷ ಒಂದು ಅಮಾವಾಸ್ಯೆಯ ಮರುದಿನ, ಯಾರೋ ದೃಷ್ಟಿ ತೆಗೆದು ಸರ್ಕಲ್ಲಿನಲ್ಲಿ ಎಸೆದ ಕುಂಕುಮ ಹಚ್ಚಿದ ನಿಂಬೆಹಣ್ಣನ್ನು ಎತ್ತಿಕೊಂಡು ಶಾಲೆಗೆ ಹೋಗುತ್ತಿದ್ದೆ. ತರಗತಿಯ ಎದುರೇ ಅದನ್ನು ತೊಳೆದು, ಹೆಚ್ಚಿ, ಶರಬತ್ತು ಮಾಡಿ ಗಟಗಟ ಕುಡಿಯುತ್ತಿದ್ದೆ. ಒಂದು ವರ್ಷ ಒಬ್ಬಳು ಹುಡುಗಿ ಜೋರಾಗಿ ಅತ್ತೇಬಿಟ್ಟಳು. ಮರುದಿನ ನಾನು ಜೀವಂತವಾಗಿ ಹಾಜರಿ ತೆಗೆದುಕೊಂಡಾಗ ತರಗತಿಗೆ ತರಗತಿಯೇ ಚಪ್ಪಾಳೆ ತಟ್ಟುತ್ತಿತ್ತು, ನನಗೆ ಅದರ ಬಗ್ಗೆ ಬಹಳ ಜಂಬ ಇತ್ತು.

ಇಂಥ ನಾನು ಹೋದ ವರ್ಷ ನಡುಹಗಲಲ್ಲಿ, ಇಪ್ಪತ್ತು ಜನರ ಎದುರು, ಒಂದು ನಿಂಬೆಹಣ್ಣಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದೆ. ಯಾಕೆ ಮಾಡಿದೆ ಎಂದು ಬರೆದಿಡಬೇಕು ಅನಿಸಿದೆ. ನಾಚಿಕೆಯಿಂದ ಬರೆಯುತ್ತಿಲ್ಲ, ಒಬ್ಬರಿಗೆ ಸರಿಯಾಗಿ ಕೃತಜ್ಞತೆ ಹೇಳಲು ಅವತ್ತು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿವೃತ್ತಿಯಾದ ಮೇಲೆ ನಾನೊಂದು ಹಳೆಯ ಕಾರು ಕೊಂಡಿದ್ದೆ. ಬೇರೆಯವರು ಓಡಿಸಿ ಮಾರಿದ ಗಾಡಿ ಅದು. ಕಪ್ಪು ಬಣ್ಣ ಹೊಸದಾಗಿ ಬಳಿದು ಮಿರಮಿರ ಮಿಂಚುತ್ತಿತ್ತು. ನನ್ನ ಹೆಂಡತಿಗೆ ಆ ಕಾರೂ ಹಿಡಿಸಲಿಲ್ಲ, ನಾನು ಅದನ್ನು ಓಡಿಸುವ ರೀತಿಯಂತೂ ಮೊದಲಿನಿಂದಲೂ ಹಿಡಿಸಿರಲಿಲ್ಲ. ಆದರೂ ಅವಳ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಸಿರುಗುಪ್ಪದಲ್ಲಿ ಇದ್ದುದರಿಂದ ಅವತ್ತು ಬೆಳಿಗ್ಗೆ ನನ್ನ ಪಕ್ಕ ಕೂತಳು. ಮಡಿಲಲ್ಲಿ ಒಂದು ಚೀಲ. ಚೀಲದಲ್ಲಿ ಹದಿನೈದು ದಿನ ಕೂತು ಮಗುವಿನ ತಲೆಗೆಂದು ಅವಳೇ ಹೊಲಿದ ಕುಲಾವಿ, ಅದರ ಅಂಚಿಗೆ ಸಣ್ಣ ಸಣ್ಣ ಕನ್ನಡಿ ಚೂರು. ಕುರುಗೋಡಿನಲ್ಲಿ ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಬಾದನಹಟ್ಟಿ ದಾಟಿದ ಮೇಲೆ ನಾನು ಮುಖ್ಯ ರಸ್ತೆ ಬಿಟ್ಟು ಕಾಲುವೆಯ ದಂಡೆಯ ದಾರಿ ಹಿಡಿದೆ, ಹತ್ತಿರವಾಗುತ್ತದೆ ಎಂದು.

"ಆ ದಾರಿ ಬ್ಯಾಡ್ರಿ, ಮಳಿ ಬಂದೈತಿ," ಎಂದಳು.

"ನನಗ ಗೊತ್ತೈತಿ, ನೀ ಸುಮ್ನಿರು," ಎಂದೆ.

ಮೂರು ಕಿಲೋಮೀಟರ್ ಹೋಗುವುದರೊಳಗೆ ಎದುರಿಗೆ ಒಂದು ಟ್ರ್ಯಾಕ್ಟರ್ ಬಂತು. ದಾರಿ ಬಿಡಲು ನಾನು ಕಾರನ್ನು ಹಿಂದಕ್ಕೆ ತೆಗೆದೆ. ಹಿಂದ ನೋಡ್ರಿ, ಹಿಂದ ನೋಡ್ರಿ ಎಂದು ಅವಳು ಎರಡು ಸಲ ಹೇಳಿದಳು. ಅದಕ್ಕೂ ನಾನು ಗೊತ್ತೈತಿ ಎಂದೆ. ದಂಡೆಯ ಅಂಚು ಮೆತ್ತಗೆ ಕುಸಿಯಿತು, ಕಾರು ಅವಸರವೇ ಇಲ್ಲದೆ ಹಿಮ್ಮುಖವಾಗಿ ಜಾರುತ್ತಾ ಹೋಗಿ, ಆಗಷ್ಟೇ ನಾಟಿ ಮಾಡಿದ್ದ ಭತ್ತದ ಗದ್ದೆಯಲ್ಲಿ ಕೂತಿತು. ಹಿಂದಿನ ಚಕ್ರಗಳು ಪೂರ್ತಿ ಕೆಸರಿನೊಳಗೆ, ಮೂತಿ ಮಾತ್ರ ದಂಡೆಯ ಕಡೆಗೆ ಮೇಲೆ. ಇಬ್ಬರಿಗೂ ಏನೂ ಆಗಿರಲಿಲ್ಲ. ಬಾಗಿಲು ತೆಗೆದು ಮೊಣಕಾಲು ಮಟ್ಟದ ಕೆಸರಿನಲ್ಲಿ ಇಳಿದು ದಂಡೆ ಹತ್ತಿದೆವು. ಚೀಲ ಕಾರಿನಲ್ಲೇ ಉಳಿಯಿತು.

ಟ್ರ್ಯಾಕ್ಟರಿನವನು ಒಳ್ಳೆಯವನು. ಇಳಿದು ಬಂದು ಒಂದು ನೈಲಾನ್ ಹಗ್ಗ ತೆಗೆದ, ಅದರಲ್ಲಿ ಆಗಲೇ ಎರಡು ಗಂಟು ಇದ್ದವು. ಬಂಪರಿಗೆ ಕಟ್ಟಿ ಒಂದು ಜಗ್ಗು ಜಗ್ಗಿದರೆ ಬರುತ್ತದೆ ಎಂದ. ನಾನು ಸರಿ ಎಂದೆ. ಅಷ್ಟರಲ್ಲಿ ಸೀರೆಯ ಕಚ್ಚೆ ಕಟ್ಟಿದ ಐವತ್ತರ ಹೆಂಗಸೊಬ್ಬರು ನಾಟಿಯ ಆಳುಗಳ ನಡುವಿನಿಂದ ಎದ್ದು ದಾಪುಗಾಲು ಹಾಕುತ್ತಾ ಬಂದರು. ಗದ್ದೆ ಅವರದು. ಸಸಿ ತುಳಿದದ್ದಕ್ಕೆ ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತೆ. ಬೈದದ್ದು ಟ್ರ್ಯಾಕ್ಟರಿನವನಿಗೆ.

"ಆ ಹಗ್ಗ ಒಳಗ ಇಡಲೇ ಮೊದ್ಲು. ಮೇಸ್ತ್ರಿ ಬರೂತನ ನನ್ನ ಹೊಲದಾಗ ಯಾರೂ ಏನೂ ಎಳಿಯಂಗಿಲ್ಲ."

ಅವರೇ ಫೋನ್ ಮಾಡಿದರು. ಸಿರುಗುಪ್ಪದ ಅಕ್ಕಿ ಗಿರಣಿಗಳ ಹತ್ತಿರ ಒಬ್ಬ ಮೇಸ್ತ್ರಿ ಇದ್ದಾರಂತೆ, ಭತ್ತದ ಲೋಡು ಹೊತ್ತು ಕುಸಿದ ಲಾರಿ, ಗದ್ದೆಯಲ್ಲಿ ಹೂತ ಕೊಯ್ಲಿನ ಮಿಷನ್ನು ಎಲ್ಲವನ್ನೂ ಎತ್ತುವವರು ಅವರೇ. ಒಂದು ತಾಸಿನಲ್ಲಿ ಬಂದರು. ಅರವತ್ತು ದಾಟಿದ ಬಿಳಿಗಡ್ಡದ ಸಾಬರು, ತಲೆಯ ಮೇಲೆ ಟೋಪಿ, ಕೈಗೆ ಚರ್ಮದ ಗವಸು. ಅವರ ಹಳೆಯ ಜೀಪಿನ ಮೂತಿಗೆ ವಿಂಚ್ ಇತ್ತು, ಅಂದರೆ ವೈರಿನ ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರ. ಕೆಳಗೆ ಇಳಿದವರು ನನ್ನ ಕಾರಿನ ಕಡೆ ನೋಡಲೇ ಇಲ್ಲ. ಜನ ಎಲ್ಲೆಲ್ಲಿ ನಿಂತಿದ್ದಾರೆ ಎಂದು ನೋಡಿದರು. ಆ ಹೊತ್ತಿಗೆ ನಾಟಿಯ ಹೆಂಗಸರು, ದಾರಿಹೋಕರು, ಫೋನ್ ಹಿಡಿದ ಇಬ್ಬರು ಬೈಕಿನವರು, ಎಲ್ಲ ಸೇರಿ ಇಪ್ಪತ್ತು ಜನ ಆಗಿದ್ದೆವು.

ತೂಬಿನ ಹತ್ತಿರ ದಂಡೆ ಅಗಲವಾಗಿದ್ದಲ್ಲಿ ಜೀಪು ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಟ್ಟರು. ಗಾಡಿ ಎಳೆಯುವ ಅಗಲವಾದ ಬೆಲ್ಟ್ ಒಂದನ್ನು ತೆಗೆದು, ಹೂವಿನ ಮಾಲೆ ನೋಡುವವರ ಹಾಗೆ ಬೆರಳಲ್ಲಿ ಇಂಚಿಂಚು ಸವರುತ್ತಾ ಹೋದರು. ನಡುವೆ ಒಂದು ಕಡೆ ಅಂಚು ಹರಿದಿತ್ತು, ಅದನ್ನು ಜೀಪಿನೊಳಗೆ ಬಿಸಾಕಿ ಇನ್ನೊಂದು ತೆಗೆದರು. ಗಂಟು ಹಾಕಿ ಉಪಯೋಗಿಸಬಹುದಲ್ಲ ಎಂದೆ ನಾನು.

"ಗಂಟು ಹಾಕಿದ್ರ ಅದು ಬೆಲ್ಟ್ ಅಲ್ರಿ ಸಾರ್, ಕಲ್ಲು ಬೀಸೋ ಕವಣಿ," ಎಂದರು.

ಕಾರಿನ ಮುಂಭಾಗದಲ್ಲಿ ಎಳೆಯುವುದಕ್ಕೆಂದೇ ಇರುವ ಕೊಂಡಿಗೆ ಬೆಲ್ಟ್ ಸೇರಿಸಿದರು, ಬೆಲ್ಟಿನ ಇನ್ನೊಂದು ತುದಿಗೆ ವಿಂಚಿನ ವೈರು. ಎರಡು ಗೋಣಿಚೀಲಗಳನ್ನು ಕಾಲುವೆಯ ನೀರಿನಲ್ಲಿ ಅದ್ದಿ, ನೀರು ಸುರಿಯುತ್ತಿರುವಾಗಲೇ ಬೆಲ್ಟಿನ ಮೇಲೆ ಒಂದು, ವೈರಿನ ಮೇಲೆ ಒಂದು ಹೊದಿಸಿದರು. ಜೀಪಿನ ಬಾನೆಟ್ಟು ಎತ್ತಿ ಗಾಜಿಗೆ ಅಡ್ಡ ಮಾಡಿದರು. ಇಲ್ಲಿಯ ತನಕ ನನಗೂ ಒಪ್ಪಿಗೆಯಾಗುತ್ತಾ ಬಂದಿತ್ತು. ಆಮೇಲೆ ಅವರು ಪಾನಾ, ಸುತ್ತಿಗೆ ಇಡುವ ಡಬ್ಬಿಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ರಂಗೋಲಿ ಪುಡಿ, ಅರಿಶಿಣ, ಕುಂಕುಮ, ನಾಲ್ಕು ನಿಂಬೆಹಣ್ಣು.

ನಾನು ಗಟ್ಟಿಯಾಗಿ ನಕ್ಕೆ.

ಅವರು ತಲೆ ಎತ್ತಲಿಲ್ಲ. ಜೀಪಿನಿಂದ ಕಾರಿನ ತನಕ ಹೆಜ್ಜೆ ಎಣಿಸಿದರು. ಅಷ್ಟೇ ಹೆಜ್ಜೆ ಎಡಕ್ಕೆ ಹೋಗಿ ನಿಂತರು, ಅಷ್ಟೇ ಹೆಜ್ಜೆ ಬಲಕ್ಕೆ. ದಂಡೆಯ ಮೇಲೆ ಎರಡು ಕಡೆ, ಗದ್ದೆಯ ಬದುಗಳ ಮೇಲೆ ಎರಡು ಕಡೆ ಕಾಲಿನಿಂದ ಗುರುತು ಮಾಡಿ, ಚೀಲವನ್ನು ಗದ್ದೆಯ ಒಡತಿಯ ಕೈಗೆ ಕೊಟ್ಟರು. "ಅಕ್ಕಾ, ಇದು ನಿಮ್ಮ ಕೈಲೇ ಆಗ್ಬೇಕು," ಎಂದು ತಾವು ದೂರ ನಿಂತರು. ಆಕೆ ನಾಲ್ಕು ಕಡೆ ರಂಗೋಲಿಯ ಗೆರೆ ಎಳೆದು, ಒಂದೊಂದು ಗೆರೆಗೆ ಒಂದೊಂದು ನಿಂಬೆಹಣ್ಣು ಇಟ್ಟು, ಅರಿಶಿಣ ಕುಂಕುಮ ಹಚ್ಚಿದರು. ಯಾರೂ ಯಾರಿಗೂ ಸರಿಯಿರಿ ಎನ್ನಲಿಲ್ಲ. ಇಪ್ಪತ್ತು ಜನವೂ ತಾವಾಗಿಯೇ ಗೆರೆಯ ಆಚೆ ಹೋದರು. ಬೈಕಿನವರಲ್ಲಿ ಒಬ್ಬ ಚಪ್ಪಲಿ ಬೇರೆ ಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. ಬಿಸಿಲು, ಕೆಸರು, ಹೆಂಡತಿಯ ಮಾತು ಕೇಳದೆ ಕಾರು ಇಳಿಸಿದ ಅವಮಾನ, ಎಲ್ಲವೂ ಸೇರಿ ಆ ನಿಂಬೆಹಣ್ಣಿನ ಮೇಲೆ ತಿರುಗಿತು. ನನ್ನದೇ ಕಾರಿಗೆ, ನನ್ನ ಕಣ್ಣೆದುರೇ ಮಾಟ ಮಂತ್ರದವರ ಹಾಗೆ ಪೂಜೆ! ಮೇಸ್ತ್ರಿ ಜೀಪಿನ ಹತ್ತಿರ ಹೋಗಿ ವಿಂಚ್ ಶುರು ಮಾಡಿದ್ದರು. ವೈರು ನೆಲ ಬಿಟ್ಟು ಮೇಲೆದ್ದು ಬಿಗಿಯಾಗುತ್ತಿತ್ತು. ನಾನು ಸೀದಾ ಹೋಗಿ ಗೆರೆ ದಾಟಿ, ನಿಂಬೆಹಣ್ಣನ್ನು ಕೈಗೆತ್ತಿಕೊಂಡು ಜನರ ಕಡೆ ತಿರುಗಿದೆ.

"ಇದರಾಗ ಏನೈತಿ? ಹುಳಿ ಐತಿ, ಬೀಜ ಐತಿ. ಬ್ಯಾರೆ ಏನಾರ ಇದ್ರ ಹೇಳ್ರಿ ನನಗ," ಎಂದು ಪಾಠ ಶುರು ಮಾಡಿದೆ.

ಕೆಲವರು ನಕ್ಕರು. ನನಗೆ ಹುರುಪು ಬಂತು. ದೊಡ್ಡ ಮನುಷ್ಯರೇ ಒಳಗೆ ಹೋಗಿದ್ದಾರೆ, ಏನೂ ಆಗಲಿಲ್ಲ ಎಂದು ಬೈಕಿನವರಿಬ್ಬರೂ ಫೋನ್ ಎತ್ತಿ ಹಿಡಿದು ನನ್ನ ಹಿಂದೆಯೇ ಗೆರೆ ದಾಟಿದರು. ನಾಟಿಯ ಹೆಂಗಸರಲ್ಲಿ ಒಬ್ಬಿಬ್ಬರು ಬದುವಿನ ಮೇಲೆ ಮುಂದೆ ಬಂದರು. ನನ್ನ ಹೆಂಡತಿಯಂತೂ, ಹೇಗೂ ಗಂಡ ಒಳಗಿದ್ದಾನೆ ಎಂದು, ಕಾರಿನಲ್ಲಿದ್ದ ಕುಲಾವಿಯ ಚೀಲ ತರಲು ದಂಡೆಯ ಇಳಿಜಾರಿನಲ್ಲಿ ಇಳಿದು ಹೊರಟಳು. ಅರ್ಧ ಇಳಿದಿದ್ದಳು. ಬೆಲ್ಟಿಗೂ ಅವಳಿಗೂ ಎರಡು ಮೊಳ ಅಂತರ.

ವಿಂಚಿನ ಸದ್ದು ನಿಂತಿತು. ಮೇಸ್ತ್ರಿ ವೈರನ್ನು ಸಡಿಲ ಬಿಟ್ಟು, ಅದು ನೆಲಕ್ಕೆ ತಾಗುವುದನ್ನು ನೋಡಿ, ಆಮೇಲೆ ನನ್ನ ಹತ್ತಿರ ನಡೆದು ಬಂದರು. ಕೂಗಾಡುತ್ತಾರೆ ಎಂದುಕೊಂಡೆ, ನಾನೂ ತಯಾರಾಗಿದ್ದೆ. ಅವರು ನನಗೊಬ್ಬನಿಗೇ ಕೇಳುವ ಹಾಗೆ ಮೆಲ್ಲಗೆ ಮಾತಾಡಿದರು.

"ಸಾರ್, ನೀವು ಇದನ್ನ ನಂಬಂಗಿಲ್ಲ. ಬ್ಯಾಡ್ರಿ. ನಾನೂ ನಂಬಂಗಿಲ್ಲ. ಆದ್ರ ಆ ನಂಬದಿರೋದನ್ನ ಗೆರಿ ಆಚಿ ನಿಂತು ಮಾಡ್ರಿ."

"ನಂಬದಿದ್ರ ಯಾಕ ಇಟ್ಟೀರಿ ಮತ್ತ?"

"ಮೊದ್ಲು ಬಾಯಿಲೆ ಹೇಳ್ತಿದ್ದೆ ಸಾರ್. ಸರೀರಿ, ಹಗ್ಗ ದಾಟಬ್ಯಾಡ್ರಿ, ಹರಿದ್ರ ಹೊಡಿತೈತಿ ಅಂತ. ಗಂಟ್ಲು ಹರ್ಕೊಂಡ್ರೂ ಒಬ್ರೂ ಕೇಳ್ತಿದ್ದಿಲ್ಲ. ನನ್ನ ಒಡಹುಟ್ಟಿದ ತಮ್ಮನೂ ಕೇಳಲಿಲ್ಲ. ಬಿಗಿ ಇದ್ದ ವೈರು ದಾಟಾಕ ಹೋದ, ಮೊಣಕಾಲಿನ ಕೆಳಗ ಕಾಲು ಹೋತು. ಅವನ್ನ ದವಾಖಾನಿಗೆ ಒಯ್ಯೋವಾಗ ನೋಡಿದೆ, ಅದೇ ಮಂದಿ ರಸ್ತಿ ಮ್ಯಾಲೆ ಬಿದ್ದ ಒಂದು ನಿಂಬಿಹಣ್ಣು ಕಂಡು ಹತ್ತು ಮಾರು ಸುತ್ತು ಹಾಕಿ ಹೋದ್ರು. ನನ್ನ ಮಾತಿಗೆ ಸರಿಯಂಗಿಲ್ಲ, ನಿಂಬಿಹಣ್ಣಿಗೆ ಸರೀತಾರ. ಅವತ್ತಿಂದ ಡಬ್ಬಿಯಾಗ ಇಟ್ಕೊಂಡೀನಿ."

ನನ್ನ ಕೈಯಲ್ಲಿದ್ದ ಹಣ್ಣಿನ ಕಡೆ ಬೆರಳು ತೋರಿಸಿ ಅವರು ಮುಂದುವರಿಸಿದರು.

"ಈಗ ನೀವು ಹಣ್ಣು ಎತ್ತಿದ್ರಿ. ಓದಿದವ್ರು ಎತ್ತಿದ್ರು ಅಂತ ಇವ್ರು ಇನ್ನ ಅದಕ್ಕೂ ಅಂಜಂಗಿಲ್ಲ. ನಾನು ಇಟ್ರ ನಡಿಯಂಗಿಲ್ಲ, ಅಕ್ಕ ಇಟ್ರೂ ನಡಿಯಂಗಿಲ್ಲ. ನೀವೇ ಇಡ್ಬೇಕು. ಎಲ್ಲಾರಿಗೂ ಕಾಣಂಗ ನಮಸ್ಕಾರ ಮಾಡಿ ಇಡ್ರಿ. ಇಲ್ಲಾಂದ್ರ ನಾನು ಗಾಡಿ ಎಳಿಯಂಗಿಲ್ಲ."

ಆಗ ನಾನು ಮೊದಲ ಸಲ ಆ ಜಾಗವನ್ನು ಅವರ ಕಣ್ಣಿನಿಂದ ನೋಡಿದೆ. ಅವರು ಎಣಿಸಿದ ಹೆಜ್ಜೆಗಳು ಮಂತ್ರವಾಗಿರಲಿಲ್ಲ. ಹಗ್ಗ ಎಷ್ಟು ಉದ್ದವೋ ಅಷ್ಟು ದೂರದವರೆಗೆ ಅದರ ತುದಿ ಬೀಸಬಹುದು, ಅದಕ್ಕೆ ಅಷ್ಟೇ ದೂರಕ್ಕೆ ಗೆರೆ. ಒದ್ದೆ ಗೋಣಿ ಮಡಿಯಾಗಿರಲಿಲ್ಲ, ಹರಿದರೆ ಹಾರದಂತೆ ಹಿಡಿಯುವ ಭಾರ. ಎಳೆದ ಪಟ್ಟಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಎರಡು ಪಟ್ಟು ಹಿಗ್ಗಿದರೆ ನಾಲ್ಕು ಪಟ್ಟು ಶಕ್ತಿ ಎಂದು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಐದು ಅಂಕದ ಪ್ರಶ್ನೆಯಾಗಿ ಕೇಳಿದವನು ನಾನು. ಆ ಪಾಠ ಗೊತ್ತಿದ್ದವನು ಗೆರೆಯ ಒಳಗೆ ನಿಂತು ಭಾಷಣ ಮಾಡುತ್ತಿದ್ದ, ಅವನ ಹೆಂಡತಿ ಬೆಲ್ಟಿನ ಪಕ್ಕದಲ್ಲಿದ್ದಳು, ಮತ್ತು ಅವಳನ್ನು ಅಲ್ಲಿಗೆ ಕರೆದದ್ದು ಅವನ ಧೈರ್ಯವೇ.

ಕೂಗಿ ಹೇಳಿ ನೋಡಿದೆ. "ಎಲ್ಲಾರೂ ಹಿಂದ ಸರೀರಿ!" ನನ್ನದು ಮೂವತ್ತು ವರ್ಷ ತರಗತಿ ನಡುಗಿಸಿದ ಗಂಟಲು. ಬೈಕಿನವರು ನಕ್ಕು ಅಲ್ಲೇ ನಿಂತರು. ಹೆಂಡತಿ, "ಚೀಲ ತಗೊಂಡು ಬಂದೆ ಇರ್ರಿ," ಎಂದಳು. ಮೇಸ್ತ್ರಿ ನನ್ನ ಮುಖ ನೋಡಿದರು.

ನಾನು ಗೆರೆಯ ಆಚೆ ಬಂದೆ. ಚಪ್ಪಲಿ ಬಿಟ್ಟೆ. ನಿಂಬೆಹಣ್ಣಿಗೆ ಅಂಟಿದ ಮಣ್ಣನ್ನು ಅಂಗಿಗೆ ಒರೆಸಿ, ಗೆರೆಯ ಮೇಲೆ ಇಟ್ಟು, ಆ ಅಕ್ಕನಿಂದ ಕುಂಕುಮ ಇಸಿದುಕೊಂಡು ಹಚ್ಚಿದೆ. ಕೈ ಜೋಡಿಸಿದೆ. ಮಾಡುವುದು ಮಾಡಿದ ಮೇಲೆ ಸರಿಯಾಗೇ ಇರಲಿ ಎಂದು ಕಣ್ಣೂ ಮುಚ್ಚಿದೆ. ನಾಟಿಯ ಹೆಂಗಸೊಬ್ಬಳು, "ಸಾರಿಗೂ ಏನೋ ಅನುಭವ ಆತು ನೋಡವಾ," ಎಂದದ್ದು ಕೇಳಿಸಿತು. ಕಣ್ಣು ತೆರೆದಾಗ ಬೈಕಿನವರು ಆಚೆ ಇದ್ದರು, ಫೋನ್ ಜೇಬಿನಲ್ಲಿ ಇತ್ತು.

ಎಲ್ಲರಿಗಿಂತ ಹೆಚ್ಚು ಹೆದರಿದವಳು ನನ್ನ ಹೆಂಡತಿ. ಮದುವೆಯಾದಾಗಿನಿಂದ ನಾನು ದೇವರಿಗೂ ಕೈ ಮುಗಿದದ್ದನ್ನು ನೋಡದವಳು, ನಿಂಬೆಹಣ್ಣಿಗೆ ಮುಗಿದದ್ದನ್ನು ಕಂಡು, ಇಲ್ಲಿ ಏನೋ ಇದೆ ಎಂದು ಚೀಲದ ಆಸೆ ಬಿಟ್ಟು ತಿರುಗಿದಳು. ಅವಸರದಲ್ಲಿ ಒಂದು ಚಪ್ಪಲಿ ಕೆಸರಿನಲ್ಲಿ ಕಚ್ಚಿಕೊಂಡಿತು. ಬಗ್ಗಿ ಕೀಳಲು ಹೋದಳು. ಗದ್ದೆಯ ಅಕ್ಕ, "ಚಪ್ಲಿ ಬಿಡ್ರೆಮ್ಮಾ, ಬರ್ರಿ ಮೊದ್ಲು," ಎಂದು ಕೈ ಚಾಚಿ ದಂಡೆಗೆ ಎಳೆದುಕೊಂಡರು. ಚಪ್ಪಲಿ ಅಲ್ಲೇ ಉಳಿಯಿತು.

ಮೇಸ್ತ್ರಿ ಬಿಸ್ಮಿಲ್ಲಾ ಎಂದು ವಿಂಚ್ ಎಳೆದರು. ವೈರು ಬಿಗಿಯಿತು, ಬೆಲ್ಟು ಬಿಗಿಯಿತು, ಕಾರು ಒಂದು ಗೇಣು ಮೇಲೆ ಬಂತು, ಇನ್ನೊಂದು ಗೇಣು. ನಾಟಿಯ ಹೆಂಗಸರು ಹೋ ಎಂದು ಕೂಗುವುದಕ್ಕೂ ಪಟಾರ್ ಎನ್ನುವುದಕ್ಕೂ ಸರಿಹೋಯಿತು. ಕಾರಿನ ಕೊಂಡಿ ಬುಡದಿಂದ ಮುರಿದಿತ್ತು. ಬೆಲ್ಟು ಆ ಕಬ್ಬಿಣದ ತುಂಡನ್ನು ಕಟ್ಟಿಕೊಂಡು ಬೀಸಿತು, ಒದ್ದೆ ಗೋಣಿ ಅದನ್ನು ಕೆಳಗೆ ಜಗ್ಗಿತು, ಎಲ್ಲ ಸೇರಿ ಇಳಿಜಾರಿನ ಮೇಲೆ ದಪ್ಪನೆ ಬಿದ್ದವು. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು ಅಷ್ಟೇ. ಯಾರಿಗೂ ಏನೂ ಆಗಲಿಲ್ಲ.

ಮೇಸ್ತ್ರಿ ವಿಂಚ್ ನಿಲ್ಲಿಸಿ ಇಳಿದು ಹೋದರು. ಬೆಲ್ಟ್ ಎತ್ತಿದರು. ಕಬ್ಬಿಣದ ಕೊಂಡಿ ಕೆಸರಿನಲ್ಲಿ ಹೂತಿತ್ತು, ಅದನ್ನು ಕಿತ್ತಾಗ ಅದರ ಕೆಳಗಿನಿಂದ ನನ್ನ ಹೆಂಡತಿಯ ಚಪ್ಪಲಿ ಬಂತು. ಎರಡು ತುಂಡು.

ಅವರು ಕೊಂಡಿಯ ಮುರಿದ ಬಾಯನ್ನು ಬೆರಳಿನಿಂದ ಉಜ್ಜಿ ನೋಡಿದರು. "ಯಾವಾಗೋ ಮುರಿದಿದ್ದನ್ನ ವೆಲ್ಡಿಂಗ್ ಮಾಡಿ ಮ್ಯಾಲೆ ಕರಿ ಬಣ್ಣ ಬಳದಾರ್ರಿ ಸಾರ್. ನನ್ನ ಕಣ್ಣಿಗೂ ಬೀಳಲಿಲ್ಲ. ಉಗುರು ಹಾಕಿ ಕೆರೆದು ನೋಡ್ಬೇಕಿತ್ತು. ತಪ್ಪು ನಂದು." ಇಪ್ಪತ್ತು ಜನರ ಎದುರು ಅಷ್ಟು ಸಲೀಸಾಗಿ ತಪ್ಪು ನಂದು ಎಂದವರನ್ನು ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆಯೂ ಕಂಡಿರಲಿಲ್ಲ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಹೆಂಡತಿ ದಂಡೆಯ ಮೇಲೆ ಕುಸಿದು ಕೂತಿದ್ದಳು. ಅವಳು ಅಳಲಿಲ್ಲ, ನಾನು ಅತ್ತೆ. ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಚಪ್ಪಲಿ ಇಲ್ಲದ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕೆಸರು ಒರೆಸಿದೆ. ಬೆರಳು, ಹಿಮ್ಮಡಿ, ಕಾಲುಂಗುರ, ಎಲ್ಲ ಇದ್ದವು. "ರೀ, ಏಳ್ರಿ, ಎಲ್ಲಾರೂ ನೋಡಾಕತ್ತಾರ," ಎಂದಳು. ನೋಡಲಿ ಎಂದೆ.

ಎರಡನೆಯ ಸಲ ಕೊಂಡಿಯ ಸಹವಾಸವೇ ಬೇಡ ಎಂದು ಮೇಸ್ತ್ರಿ ಕಾರಿನ ಅಡಿಯ ಕೆಸರು ತೆಗೆಸಿದರು. ನಾಟಿಯ ಹೆಂಗಸರೇ ಸಲಿಕೆ ಹಿಡಿದು ತೆಗೆದುಕೊಟ್ಟರು. ಬೆಲ್ಟನ್ನು ಮುಂದಿನ ಚಕ್ರಗಳ ಹಿಂದೆ ಗಟ್ಟಿ ಕಬ್ಬಿಣಕ್ಕೆ ಎರಡು ಕಡೆಯಿಂದ ಸುತ್ತಿ ಸೇರಿಸಿದರು. ಗೋಣಿಗಳನ್ನು ಮತ್ತೆ ನೀರಿಗೆ ಅದ್ದಿದ್ದು ನಾನು. ಗಡಿಬಿಡಿಯಲ್ಲಿ ಅಳಿಸಿದ್ದ ಗೆರೆಗಳನ್ನು ಮತ್ತೆ ಎಳೆದದ್ದೂ ನಾನೇ. ನನ್ನ ರಂಗೋಲಿ ಅಂಕುಡೊಂಕಾಗಿ ಹೋದದ್ದನ್ನು ಕಂಡು ಹೆಂಗಸರು ಬಿದ್ದು ಬಿದ್ದು ನಕ್ಕರು. ಆದರೆ ಒಬ್ಬರೂ ದಾಟಲಿಲ್ಲ. ಕಾರು ಮೆಲ್ಲಗೆ, ಮುನಿಸಿಕೊಂಡವರ ಹಾಗೆ, ದಂಡೆಗೆ ಹತ್ತಿತು.

ಆಮೇಲೆ ಆ ಅಕ್ಕ ನಾಲ್ಕೂ ನಿಂಬೆಹಣ್ಣನ್ನು ತೊಳೆದು, ಬುತ್ತಿಯ ಜೊತೆ ತಂದಿದ್ದ ಬೆಲ್ಲ ಹಾಕಿ ಕೊಡದ ನೀರಿನಲ್ಲಿ ಪಾನಕ ಮಾಡಿದರು. ಶಾಲೆಯಲ್ಲಿ ನಿಂಬೆಹಣ್ಣಿನ ಶರಬತ್ತು ಕುಡಿಯುತ್ತಿದ್ದ ನನ್ನ ಕಥೆಯನ್ನೆಲ್ಲ ನನ್ನ ಹೆಂಡತಿ ಅಷ್ಟರಲ್ಲಿ ಹೇಳಿ ಮುಗಿಸಿದ್ದಳು. ಮೇಸ್ತ್ರಿ ಮೊದಲ ಲೋಟವನ್ನು ನನ್ನ ಕಡೆ ಚಾಚಿ, "ನಿಮಗ ರೂಢಿ ಐತಂತಲ್ರಿ, ತಗೋರಿ," ಎಂದರು. ಗಡ್ಡದೊಳಗೆ ನಗು ಇತ್ತು. ಅಷ್ಟು ವರ್ಷ ಜಂಬಕ್ಕೆ ಕುಡಿದ ಶರಬತ್ತನ್ನು ನಾನು ಅವತ್ತು ಬಾಯಾರಿ ಕುಡಿದೆ. ಅವರಿಗೆ ಏನಾದರೂ ಹೇಳಬೇಕು ಎಂದುಕೊಂಡೆ. ಲೋಟ ತೊಳೆದು ಅವರ ಕೈಗೆ ಕೊಟ್ಟೆ, ಅಷ್ಟೇ ಆಯಿತು.

ಸಿರುಗುಪ್ಪ ಮುಟ್ಟಿದಾಗ ತೊಟ್ಟಿಲಿನ ಕಾರ್ಯ ಮುಗಿಯುತ್ತಾ ಬಂದಿತ್ತು. ಹೆಂಡತಿ ಒಂದೇ ಕಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸೀರೆಗೆ ಮೊಣಕಾಲ ತನಕ ಕೆಸರು ಮಾಡಿಕೊಂಡು ಒಳಗೆ ಹೋದಳು. ಮಗುವಿಗೆ ಕುಲಾವಿ ಕಟ್ಟಿದಳು. ಕನ್ನಡಿ ಚೂರುಗಳನ್ನು ಕಂಡು ಮಗು ಕೈಯಾಡಿಸಿತು. ಬಾಗಿಲಲ್ಲಿ ನಿಂತು ನಾನು ಕುಲಾವಿಯನ್ನು ನೋಡಲಿಲ್ಲ, ಕಟ್ಟುವವಳನ್ನು ನೋಡುತ್ತಿದ್ದೆ.

ಉಳಿದ ಆ ಒಂದು ಚಪ್ಪಲಿಯನ್ನು ಅವಳು ಬಿಸಾಕಲು ಹೊರಟಾಗ ನಾನು ಕೇಳಿ ಇಸಿದುಕೊಂಡೆ. ಈಗ ಅದು ನನ್ನ ಕಾರಿನ ಹಿಂದೆ, ನಂಬರ್ ಪ್ಲೇಟಿನ ಪಕ್ಕ, ತಂತಿಯಲ್ಲಿ ತೂಗುತ್ತದೆ. ಲಾರಿಯವರು ದೃಷ್ಟಿಯಾಗದಿರಲಿ ಎಂದು ಹಳೆಯ ಚಪ್ಪಲಿ ಕಟ್ಟುತ್ತಾರಲ್ಲ, ಹಾಗೆಯೇ ಕಾಣುತ್ತದೆ. ಮೊನ್ನೆ ಬಳ್ಳಾರಿಯ ಪೆಟ್ರೋಲ್ ಬಂಕಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಅವನ ತಲೆಯೂ ನೆರೆತಿದೆ, ಅದನ್ನು ನೋಡಿ ಬಾಯಿ ತೆರೆದು ನಿಂತ.

"ಸಾರ್, ನೀವು ದೃಷ್ಟಿಗೆ ಚಪ್ಪಲಿ ಕಟ್ಟೀರೇನ್ರಿ? ನೀವು?"

ಅವನು ಕೇಳಿದ ರೀತಿಗೆ ನನ್ನ ಹಳೆಯ ಪಾಠ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮುಂದಿನ ಸೀಟಿನಿಂದ, "ರೀ, ಹೊತ್ತಾತು, ಬರ್ರಿ ಇನ್ನ," ಎಂದು ಅವಳು ಕೂಗಿದಳು.

"ಹೌದಪ್ಪ, ಕಟ್ಟೀನಿ," ಎಂದು ಹೇಳಿ, ನಾನು ಹೋಗಿ ಅವಳ ಪಕ್ಕ ಕೂತೆ.